ನಿನ್ನ ಬೀಜಗಣಿತದ ನೋಟ್ಸು ಇನ್ನೂ ನನ್ನ ಮೇಜಿನ ಮೇಲಿದೆ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ಕಾಲೇಜು ಹೇಗಿದೆ ಅಂತ ನೀನು ಕೇಳಿದೆ. ನಾನು ಚೆನ್ನಾಗಿದೆ ಅಂದು ಸುಮ್ನಾದೆ. ಆಮೇಲೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ಅಮೆರಿಕದ ಈ ಕಮ್ಯುನಿಟಿ ಕಾಲೇಜಿನಲ್ಲಿ ಐದು ವರ್ಷ ಸಂಜೆ ಹೊತ್ತು ಗಣಿತ ಪಾಠ ಮಾಡಿ, ಆ ಮೇಲೆ ಬೇರೆ ರಾಜ್ಯಕ್ಕೆ ಹೋದವನು ನೀನು. ನಿನಗೆ ಒಂದೇ ಮಾತಿನಲ್ಲಿ ಹೇಳಿ ಮುಗಿಸಬಾರದಿತ್ತು.

ಮೊದಲು ಜನರ ಸುದ್ದಿ. ಫೈನಾನ್ಶಿಯಲ್ ಏಡ್ (ವಿದ್ಯಾರ್ಥಿಗಳ ಹಣಕಾಸಿನ ನೆರವು) ಕೌಂಟರಿನಲ್ಲಿದ್ದವರು, ನೀನು ನನ್ನ ಹತ್ತಿರ ಮಾತ್ರ 'ದೊಡ್ಡಮ್ಮ' ಅನ್ನುತ್ತಿದ್ದೆಯಲ್ಲ, ಅವರು ನಿವೃತ್ತರಾದರು. ಕೇಕ್ ಕತ್ತರಿಸಿದೆವು, ಎಲ್ಲರೂ ಸಹಿ ಹಾಕಿದ ಕಾರ್ಡ್ ಕೊಟ್ಟೆವು. ಮರುವಾರವೇ ಇಮೇಲ್ ಬಂತು: ಆ ಹುದ್ದೆಯನ್ನು ಸದ್ಯಕ್ಕೆ ತುಂಬುವುದಿಲ್ಲ. ಈಗ ಅವರ ಕುರ್ಚಿಯ ಜಾಗದಲ್ಲಿ ಒಂದು ಟ್ಯಾಬ್ಲೆಟ್ ಇದೆ. ಅದರೊಳಗೆ ಚಾಟ್‌ಬಾಟ್.

ಚಾಟ್‌ಬಾಟ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಕೊನೆಯ ದಿನಾಂಕ ಯಾವುದು, ಯಾವ ಫಾರಂ ಬೇಕು ಅನ್ನುವುದನ್ನು ರಾತ್ರಿ ಹನ್ನೊಂದಕ್ಕೂ ಸರಿಯಾಗಿ ಹೇಳುತ್ತದೆ. ಹಗಲೆಲ್ಲ ಕೆಲಸ ಮಾಡುವ ನಮ್ಮ ವಿದ್ಯಾರ್ಥಿಗಳಿಗೆ ಅದು ಬೇಕಾದದ್ದೇ. ಆದರೆ ಅಲ್ಲಿಗೆ ಬರುವ ಎಷ್ಟೋ ಮಕ್ಕಳಿಗೆ ಏನು ಕೇಳಬೇಕು ಅನ್ನುವುದೇ ಗೊತ್ತಿರುವುದಿಲ್ಲ. ಒಂದು ಸಲ ನನ್ನ ಕಣ್ಣೆದುರೇ ಒಬ್ಬ ಹುಡುಗ ಬಂದು, ಕ್ಲಾಸು ಬಿಡುವುದು ಹೇಗೆ ಅಂತ ಕೇಳಿದ. ದೊಡ್ಡಮ್ಮ ಫಾರಂ ಕೊಡಲಿಲ್ಲ. ಯಾಕೆ ಬಿಡ್ತೀಯಪ್ಪ ಅಂತ ಕೇಳಿದರು. ಗೋದಾಮಿನ ಕೆಲಸದಲ್ಲಿ ಪಾಳಿ ಬದಲಾಗಿದೆ ಅಂದ. ಓದುವ ಪಾಠಗಳ ಕ್ರೆಡಿಟ್ ಲೆಕ್ಕ ಕಡಿಮೆಯಾದರೆ, ಕಡಿಮೆ ಆದಾಯದವರ ಓದಿಗೆ ಫೆಡರಲ್ ಸರ್ಕಾರ ಕೊಡುವ ಪೆಲ್ ಗ್ರಾಂಟ್ ಹಣವೂ ಕಡಿಮೆಯಾಗುತ್ತದೆ ಅಂತ ತಿಳಿಸಿ, ಅಲ್ಲೇ ಕೂರಿಸಿಕೊಂಡು, ಅದೇ ಪಾಠದ ಸಂಜೆ ಕ್ಲಾಸಿಗೆ ಹಾಕಿಸಿದರು. ಚಾಟ್‌ಬಾಟ್ ಆಗಿದ್ದರೆ ಕೇಳಿದ್ದಕ್ಕೆ ಉತ್ತರ ಕೊಡುತ್ತಿತ್ತು, ಫಾರಂ ಕೊಡುತ್ತಿತ್ತು. ಹುಡುಗ ಹೋಗಿಬಿಡುತ್ತಿದ್ದ.

ಸರ್ಕಾರದ ಈ ನೆರವು ಕೇಳಲು ತುಂಬುವ ಫ್ಯಾಫ್ಸಾ ಅರ್ಜಿಯನ್ನು ಪೂರ್ತಿ ಬದಲಾಯಿಸಿದ ವರ್ಷ ನೆನಪಿದೆಯಾ? ಅಕ್ಟೋಬರ್‌ನಲ್ಲಿ ಶುರುವಾಗಬೇಕಾದದ್ದು 2023ರ ಡಿಸೆಂಬರ್ 30ಕ್ಕೆ ಶುರುವಾಯಿತು. ತಂದೆತಾಯಿಗೆ ಸೋಷಿಯಲ್ ಸೆಕ್ಯುರಿಟಿ ನಂಬರ್ (ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಇಲ್ಲದ ಮಕ್ಕಳ ಅರ್ಜಿಯಂತೂ ತಾಂತ್ರಿಕ ದೋಷದಿಂದ ತಿಂಗಳುಗಟ್ಟಲೆ ಮುಂದಕ್ಕೇ ಹೋಗಲಿಲ್ಲ. ಆಗ ದೊಡ್ಡಮ್ಮ ಒಂದು ನೋಟ್‌ಬುಕ್ಕಿನಲ್ಲಿ ಅಂಥವರ ಹೆಸರೆಲ್ಲ ಬರೆದಿಟ್ಟುಕೊಂಡು, ದೋಷ ಸರಿಯಾದ ಮೇಲೆ ಒಬ್ಬೊಬ್ಬರಿಗೂ ಫೋನ್ ಮಾಡಿದರು. ಅದು ಅವರ ಕೆಲಸದ ಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ. ಹುದ್ದೆ ಬೇಡ ಅಂತ ತೀರ್ಮಾನಿಸಿದವರಿಗೆ ಅದು ಕಾಣುವುದಾದರೂ ಹೇಗೆ? ನನಗೆ ಈ ವಿಷಯದಲ್ಲಿ ಇನ್ನೂ ಸಿಟ್ಟು ಇಳಿದಿಲ್ಲ ಕಣೋ.

ನಿಮ್ಮ ಗಣಿತ ವಿಭಾಗದ ಕಥೆಯೂ ಹೆಚ್ಚುಕಡಿಮೆ ಅದೇ. ಪೂರ್ಣಾವಧಿಯವರೊಬ್ಬರು ಹೋದರು, ಅವರ ಕ್ಲಾಸುಗಳನ್ನು ಅಡ್ಜಂಕ್ಟ್‌ಗಳಿಗೆ, ಅಂದರೆ ಅರೆಕಾಲಿಕ ಅಧ್ಯಾಪಕರಿಗೆ, ಹಂಚಿದರು. ಈ ದೇಶದ ಕಮ್ಯುನಿಟಿ ಕಾಲೇಜುಗಳಲ್ಲಿ ಪಾಠ ಮಾಡುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಅರೆಕಾಲಿಕರೇ ಅನ್ನುವುದು ನಿನಗೆ ಹೊಸದಲ್ಲ. ನೀನು ಕೂರುತ್ತಿದ್ದ ಮೂಲೆಯ ಮೇಜಿನಲ್ಲಿ ಈಗ ಕೂರುವಾಕೆ ಮೂರು ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. ಈ ಸೆಮಿಸ್ಟರ್ ಅವರ ಒಂದು ಕ್ಲಾಸನ್ನು, ಮಕ್ಕಳು ಸಾಲದು ಅಂತ, ಶುರುವಾಗುವ ಐದು ದಿನ ಮೊದಲು ರದ್ದು ಮಾಡಿದರು. ಸಿಲಬಸ್ಸು, ಮೊದಲ ವಾರದ ಪಾಠ ಎಲ್ಲ ಸಿದ್ಧವಾಗಿತ್ತು. ಆ ದುಡಿಮೆಗೆ ಒಂದು ಡಾಲರೂ ಸಿಗಲಿಲ್ಲ.

ಇನ್ನೊಂದು ಸುದ್ದಿ ಕೇಳಿದರೆ ನಂಬಲಾರೆ. ಅವರದೇ ಒಂದು ಆನ್‌ಲೈನ್ ಕ್ಲಾಸಿನಲ್ಲಿ ಸೀಟು ತುಂಬಿ ವೇಟ್‌ಲಿಸ್ಟ್ ಬೇರೆ ಇತ್ತು. ಮೊದಲ ವಾರ ಪರಿಚಯ ಬರೆಯಿರಿ ಅಂದರೆ, ಸುಮಾರು ಜನ ಒಂದೇ ಅಚ್ಚಿನಲ್ಲಿ ಹೊಯ್ದ ಹಾಗೆ ಬರೆದಿದ್ದರು. ವಿಚಾರಿಸಿದರೆ ಅಂಥ ಮನುಷ್ಯರೇ ಇಲ್ಲ! 'ಗೋಸ್ಟ್ ಸ್ಟೂಡೆಂಟ್ಸ್' ಅನ್ನುತ್ತಾರೆ ಇವರನ್ನು. ಕಳ್ಳರು ಬೇರೆಯವರಿಂದ ಕದ್ದ ಹೆಸರು, ಕದ್ದ ನಂಬರು ಬಳಸಿ ಪ್ರವೇಶ ಪಡೆಯುತ್ತಾರೆ. ನಮ್ಮಂಥ ಕಾಲೇಜಿಗೇ ಯಾಕೆ ಬರುತ್ತಾರೆ ಅಂದರೆ, ಇಲ್ಲಿ ಅರ್ಜಿ ಹಾಕಿದವರಿಗೆಲ್ಲ ಸೀಟು ಉಂಟು, ಫೀಸು ಕಡಿಮೆ. 2025-26ರಲ್ಲಿ ಪೆಲ್ ಗ್ರಾಂಟ್ ವರ್ಷಕ್ಕೆ 7,395 ಡಾಲರ್‌ವರೆಗೆ ಸಿಗುತ್ತಿತ್ತು. ಫೀಸು ಕಳೆದು ಉಳಿದದ್ದು ಪುಸ್ತಕ, ಬಾಡಿಗೆ, ಊಟಕ್ಕೆ ಅಂತ ವಿದ್ಯಾರ್ಥಿಯ ಕೈಗೇ ಬರುತ್ತದೆ. ಕಳ್ಳರಿಗೆ ಬೇಕಾದದ್ದು ಆ ಉಳಿಕೆ ಹಣ. ಮುಖ ತೋರಿಸಬೇಕಿಲ್ಲದ ಆನ್‌ಲೈನ್ ಕ್ಲಾಸು ಅವರಿಗೆ ತುಂಬ ಅನುಕೂಲ. ಹೋಮ್‌ವರ್ಕ್ ಮಾಡಿಕೊಡಲು ಎಐ ಇದ್ದೇ ಇದೆ.

2025ರ ಜೂನ್‌ನಲ್ಲಿ ಫೆಡರಲ್ ಶಿಕ್ಷಣ ಇಲಾಖೆ, ಮೊದಲ ಸಲ ನೆರವು ಕೇಳುವವರಲ್ಲಿ ಅನುಮಾನ ಬಂದವರು ಗುರುತಿನ ಚೀಟಿ ತೋರಿಸಲೇಬೇಕು ಅಂದಿತು. ಸರಿಯಾದದ್ದೇ. ಆದರೆ ಆ ಚೀಟಿ ನೋಡುವುದಕ್ಕೂ ಜನ ಬೇಕಲ್ವಾ? ಅದನ್ನು ನೋಡಬೇಕಾದ ಕೌಂಟರೇ ಖಾಲಿ. ನನಗೆ ಹೊಟ್ಟೆ ಉರಿಯುವುದು ಕದ್ದ ದುಡ್ಡಿಗಿಂತ ಆ ವೇಟ್‌ಲಿಸ್ಟ್ ನೆನೆದಾಗ. ನರ್ಸಿಂಗ್ ಸೇರಲು ಆ ಒಂದು ಗಣಿತದ ಕ್ಲಾಸು ಬೇಕಿದ್ದ ತಾಯಿಯೊಬ್ಬಳು ಅದರಲ್ಲಿದ್ದಳು. ಇಲ್ಲದ ಮನುಷ್ಯರು ಸೀಟು ಹಿಡಿದದ್ದಕ್ಕೆ ಅವಳ ಒಂದು ಸೆಮಿಸ್ಟರ್ ಹೋಯಿತು.

ಆನ್‌ಲೈನ್ ಪಾಠದ ಸಾಫ್ಟ್‌ವೇರ್ ಬದಲಾಗಿ, ಬ್ಲ್ಯಾಕ್‌ಬೋರ್ಡ್ ಬಿಟ್ಟು ಕ್ಯಾನ್ವಾಸ್‌ಗೆ ಬಂದಾಯಿತು. ಮೊದಲ ತಿಂಗಳು ಗೋಳು, ಈಗ ಅಭ್ಯಾಸವಾಗಿದೆ. ಕಾರ್ಯಕ್ರಮಗಳೂ ಎಂದಿನಂತೆ ನಡೆದವು. ಟ್ರಾನ್ಸ್‌ಫರ್ ಮೇಳಕ್ಕೆ ಈ ಸಲ ಜನ ಜಾಸ್ತಿ. ಮನೆಯಲ್ಲಿದ್ದುಕೊಂಡೇ ಎರಡು ವರ್ಷ ಓದಿ ಆಮೇಲೆ ದೊಡ್ಡ ವಿಶ್ವವಿದ್ಯಾಲಯಕ್ಕೆ ಹೋಗುವ ಮಕ್ಕಳು ಒಂದೊಂದು ಮೇಜಿನ ಮುಂದೂ ನಿಂತು ಕೇಳುತ್ತಿದ್ದರು. 1901ರಲ್ಲಿ ಇಲಿನಾಯ್‌ನ ಜೋಲಿಯೆಟ್‌ನಲ್ಲಿ ಆರು ಮಂದಿಯೊಂದಿಗೆ ಜೂನಿಯರ್ ಕಾಲೇಜು (ನಮ್ಮಂಥ ಕಾಲೇಜಿಗೆ ಆಗಿನ ಹೆಸರು) ಶುರುವಾದದ್ದೂ ಊರು ಬಿಡದೆ ಓದಲಿ ಅಂತಲೇ.

ನೀನು ಇರಬೇಕಿತ್ತು ಅನ್ನಿಸಿದ್ದು ನರ್ಸಿಂಗ್ ಮಕ್ಕಳ ಪಿನ್ನಿಂಗ್ ದಿನ, ಅಂದರೆ ಓದು ಮುಗಿಸಿದವರಿಗೆ ಪಿನ್ ತೊಡಿಸುವ ದಿನ. ಪಿನ್ ಯಾರಿಂದ ಹಾಕಿಸಿಕೊಳ್ಳಬೇಕು ಅನ್ನುವುದು ಅವರವರ ಇಷ್ಟ ತಾನೆ. ನಿನ್ನ ಕ್ಲಾಸಿನಲ್ಲಿ ಎರಡು ಸಲ ಫೇಲಾಗಿ ಮೂರನೇ ಸಲ ಪಾಸಾದ ಹೆಂಗಸು ವೇದಿಕೆಗೆ ಬಂದಳು. ಪಿನ್ ಹಾಕಿದ್ದು ಅವಳ ಚಿಕ್ಕ ಮೊಮ್ಮಗಳು. ಮಗುವಿನ ಕೈಗೆ ಪಿನ್ ಸರಿಯಾಗಿ ಸಿಗುತ್ತಿರಲಿಲ್ಲ. ಸಭೆಯೆಲ್ಲ ಸುಮ್ಮನೆ ಕಾಯಿತು, ಯಾರೂ ಅವಸರ ಮಾಡಲಿಲ್ಲ. ಕೆಳಗಿಳಿದ ಮೇಲೆ ಅವಳು ನನ್ನನ್ನು ಹುಡುಕಿಕೊಂಡು ಬಂದು ಕೇಳಿದ್ದು ನಿನ್ನ ಬಗ್ಗೆ. ಲೈಸೆನ್ಸ್ ಪರೀಕ್ಷೆ ಮುಂದಿನ ತಿಂಗಳು, ಸಾರ್‌ಗೆ ತಿಳಿಸಿ ಅಂದಳು.

ಈಗ ನನ್ನ ಕೋರಿಕೆ. ಟ್ಯೂಟರಿಂಗ್ ಸೆಂಟರಿನಲ್ಲಿ ನಿನ್ನ ಕೈಬರಹದ ಬೀಜಗಣಿತದ ನೋಟ್ಸು ಇನ್ನೂ ಬಳಸುತ್ತೇವೆ. ಅಪವರ್ತನಕ್ಕೆ ನೀನು ಮಾಡಿದ ಚೌಕದ ವಿಧಾನ ಯಾವ ಪುಸ್ತಕಕ್ಕಿಂತಲೂ ಬೇಗ ತಲೆಗೆ ಹೋಗುತ್ತದೆ. ಈ ಸಲ ಕಣ್ಣು ಕಾಣದ ಹುಡುಗನೊಬ್ಬ ಬಂದಿದ್ದಾನೆ, ಬಹಳ ಚುರುಕು. ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ಅವನ ಸ್ಕ್ರೀನ್ ರೀಡರ್‌ಗೆ ನಿನ್ನ ಸ್ಕ್ಯಾನ್ ಮಾಡಿದ ಪುಟಗಳು ಬರೀ ಖಾಲಿ ಹಾಳೆ. 2024ರಲ್ಲಿ ನ್ಯಾಯ ಇಲಾಖೆ, ಸರ್ಕಾರಿ ಕಾಲೇಜುಗಳ ವೆಬ್ ಪುಟ, ಪಾಠದ ಕಡತ ಎಲ್ಲ ಇಂಥವರಿಗೂ ಓದಲು ಬರುವಂತಿರಬೇಕು ಅಂತ ನಿಯಮ ತಂದಮೇಲೆ ನಮಗೆ ತರಬೇತಿಯೇನೋ ಆಯಿತು. ಟೈಪ್ ಮಾಡಲು ಮಾತ್ರ ಯಾರೂ ಇಲ್ಲ. ಹಾಗಾಗಿ ಸಂಜೆ ಹೊತ್ತು ನಾನೇ ಕೂತು, ಸಮೀಕರಣಗಳನ್ನು ಅದು ಓದಬಲ್ಲ ಹಾಗೆ ಒಂದೊಂದಾಗಿ ಹಾಕುತ್ತಿದ್ದೇನೆ. ಇಪ್ಪತ್ತೆರಡು ಪುಟ ಮುಗಿದಿದೆ. ಹುಡುಗ ಕೇಳಿ, ಈ ಮೇಷ್ಟ್ರು ಯಾರು, ಚೆನ್ನಾಗಿ ಹೇಳಿದ್ದಾರೆ ಅಂದ.

ಇಪ್ಪತ್ತಮೂರನೇ ಪುಟದಲ್ಲಿ ಸಿಕ್ಕಿಕೊಂಡಿದ್ದೇನೆ. ಚೌಕದ ಎರಡನೇ ಸಾಲಿನಿಂದ ಕೆಳಗೆ ಒಂದು ಬಾಣ ಎಳೆದಿದ್ದೀಯ, ಪಕ್ಕದಲ್ಲಿ ಏನೋ ಬರೆದಿದ್ದೀಯ, ಮಸಿ ಹರಡಿ ಓದಲು ಬರುತ್ತಿಲ್ಲ. ಫೋಟೋ ತೆಗೆದು ಇದರ ಜೊತೆಗೇ ಕಳಿಸುತ್ತಿದ್ದೇನೆ. ಆ ಬಾಣ ಎಲ್ಲಿಗೆ ಹೋಗುತ್ತದೆ, ಅಲ್ಲೇನು ಬರೆದಿದ್ದೆ ಅಂತ ಬಾಯಲ್ಲಿ ಹೇಳಿ ರೆಕಾರ್ಡ್ ಮಾಡಿ ಕಳಿಸು. ಮಂಗಳವಾರ ಮೂರು ಗಂಟೆಗೆ ಅವನು ಬರುತ್ತಾನೆ.

ನಿನ್ನ ಗೆಳೆಯ