ಮಿಲ್ಲಜ್ಜನಿಗೆ, ಮತ್ತು ಉಳಿದ ಎಲ್ಲರಿಗೂ

ನಿನ್ನೆ ಬೆಳಿಗ್ಗೆ ಇವರು ಮೊದಲಿನಂತೆ ಊಟದ ಡಬ್ಬಿ ಹಿಡಿದುಕೊಂಡು ಮಂಡಿಪೇಟೆಯ ಅಂಗಡಿಗೆ ಹೊರಟರು. ಮಧ್ಯಾಹ್ನ ನಾನು ತಾಂಬೂಲದ ಚೀಲಗಳ ಕೊನೆಯ ಗಂಟನ್ನು ಚಿತ್ರದುರ್ಗದ ಬಸ್ಸಿಗೆ ಹಾಕಿ ಬಂದೆ. ಒಟ್ಟು 450 ಚೀಲ. ಮನೆಗೆ ಬಂದು ನೋಡಿದರೆ ನಡುಮನೆಯಲ್ಲಿ ನೆಲ ಕಾಣಿಸುತ್ತಿತ್ತು. ಆಷಾಢದಿಂದ ಈಚೆಗೆ ಬಟ್ಟೆಯ ಚೂರು, ಲೇಸು, ದಾರದ ಉಂಡೆಗಳ ಕೆಳಗೆ ನಮ್ಮ ನೆಲದ ಬಣ್ಣವೇ ಮರೆತುಹೋಗಿತ್ತು. ಆ ಬರಿದಾದ ನೆಲದ ಮೇಲೆ ಕುಳಿತೇ ಇದನ್ನು ಬರೆಯುತ್ತಿದ್ದೇನೆ.

ಇವರಿಗೆ ಏನಾಯಿತು, ಎಷ್ಟು ದಿನ ಆಸ್ಪತ್ರೆಯಲ್ಲಿದ್ದರು ಎಂಬುದೆಲ್ಲ ನಿಮಗೆ ಗೊತ್ತಿರುವುದೇ. ಅರ್ಧ ಊರು ಬಂದು ನೋಡಿಕೊಂಡು ಹೋಗಿದೆ. ಹರಿಹರದ ಅಕ್ಕ ತನ್ನ ಹೊಲಿಗೆ ಯಂತ್ರವನ್ನೇ ಆಟೋದಲ್ಲಿ ಹೇರಿಕೊಂಡು ಬಂದಳು. ಸಂಘದ ಅಕ್ಕಂದಿರು ಸರದಿಯ ಮೇಲೆ ಕತ್ತರಿ ಹಿಡಿದರು. ಚೌಕಿಪೇಟೆಯ ಬಟ್ಟೆ ಅಂಗಡಿಯವರು ಬಾಕಿಯ ಮಾತೆತ್ತದೆ ಮತ್ತೆ ಎರಡು ಥಾನು ಕಳಿಸಿದರು. ಬೀದಿಯ ಮನೆಗಳಿಂದ ರೊಟ್ಟಿ, ಪಲ್ಯ ಬಂದವು, ಒಗ್ಗರಣೆ ಮಂಡಕ್ಕಿಯಂತೂ ಡಬ್ಬಿಗಟ್ಟಲೆ ಬಂತು (ದಾವಣಗೆರೆಯಲ್ಲಿ ಸಂಕಟಕ್ಕೂ ಸಂಭ್ರಮಕ್ಕೂ ಮಂಡಕ್ಕಿಯೇ). ಎಲ್ಲರಿಗೂ ಕೈಮುಗಿಯುತ್ತೇನೆ. ಮದುವೆಗೆ ಹದಿನೈದು ದಿನ ಮೊದಲೇ ಚೀಲ ಕೈಸೇರಬೇಕೆಂದು ಹೇಳಿದ್ದ ಹುಡುಗಿಯ ತಾಯಿ, ಸುದ್ದಿ ತಿಳಿದ ಮೇಲೆ, "ಮೂರು ದಿನ ಮೊದಲು ಬಂದರೂ ಸಾಕಮ್ಮ, ಮೊದಲು ಯಜಮಾನರನ್ನು ನೋಡಿಕೋ" ಎಂದರು. ಅವರ ಮಗಳ ಸಂಸಾರ ತಂಪಾಗಿರಲಿ. ಆಸ್ಪತ್ರೆಯ ಮಂಚದ ಪಕ್ಕವೇ ನಿಂತು "ಇನ್ನು ಸಾಲ ತೀರಿಸುವವರು ಯಾರು?" ಎಂದು ಕೇಳಿದ ನೆಂಟರೊಬ್ಬರಿದ್ದಾರೆ. ಅವರಿಗೂ ಒಂದು ನಮಸ್ಕಾರ. ಆ ಸಿಟ್ಟಿನಲ್ಲಿ ಒಂದೇ ದಿನ ನಲವತ್ತು ಚೀಲ ಹೊಲಿದೆ.

ಇನ್ನು ಮಿಲ್ಲಜ್ಜ.

ನಮ್ಮ ಎದುರು ಮನೆಯ ಹಿಂದಿನ ಕೋಣೆಯಲ್ಲಿ ಒಬ್ಬರೇ ಇರುವ ಅಜ್ಜನನ್ನು ಬೀದಿಯವರೆಲ್ಲ ಕರೆಯುವುದೇ ಹಾಗೆ. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ಕಾಲದಲ್ಲಿ ಹತ್ತಿ ಗಿರಣಿಯ ನೂಲುವ ವಿಭಾಗದಲ್ಲಿ ಮೂವತ್ತು ವರ್ಷ ದುಡಿದವರು. ಗಿರಣಿ ಮುಚ್ಚಿತು, ಹೆಸರು ಉಳಿಯಿತು. ದಿನಾ ಸಂಜೆ ನಮ್ಮ ಕಟ್ಟೆಗೆ ಬಂದು ಪತ್ರಿಕೆ ಓದುತ್ತಾರೆ. ಅದಕ್ಕಿಂತ ಹೆಚ್ಚಿನ ಬಳಕೆ ನಮಗಿರಲಿಲ್ಲ.

ಆ ರಾತ್ರಿ, ಡಾಕ್ಟರು ಕಾಗದಕ್ಕೆ ನನ್ನ ಸಹಿ ಹಾಕಿಸಿಕೊಂಡು ಒಳಗೆ ಹೋದ ಮೇಲೆ, ಅಜ್ಜ ಹೆಗಲ ಮೇಲೆ ಟವೆಲ್ಲು, ಒಂದು ಕೈಯಲ್ಲಿ ಚಹಾದ ಫ್ಲಾಸ್ಕು, ಇನ್ನೊಂದು ಕೈಯಲ್ಲಿ ನನ್ನದೊಂದು ಚೀಲ ಹಿಡಿದುಕೊಂಡು ಬಂದರು. ನಿನ್ನ ಬಟ್ಟೆ ಇರಬೇಕೆಂದು ಬಾಗಿಲ ಹಿಂದಿನ ಮೊಳೆಯಿಂದ ತೆಗೆದುಕೊಂಡು ಬಂದೆ ಎಂದರು. ಬಿಚ್ಚಿ ನೋಡಿದರೆ ಶ್ರಾವಣದ ಪೂಜೆಗಳಿಗೆ ಗೆಜ್ಜೆವಸ್ತ್ರ ಮಾಡಲು ಬಿಡಿಸಿಟ್ಟಿದ್ದ ಹತ್ತಿ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹನ್ನೊಂದಾಯಿತು, ಹನ್ನೆರಡಾಯಿತು, ಅವರು ಏಳಲಿಲ್ಲ. "ಆಟೋ ಸಿಗುವುದಿಲ್ಲ ಅವ್ವಾ, ಬೆಳಿಗ್ಗೆ ಹೋಗುತ್ತೇನೆ" ಎಂದರು. ಕಿಟಕಿಯಿಂದ ಕಾಣುತ್ತಿತ್ತು, ಗೇಟಿನ ಹೊರಗೆ ಆಟೋಗಳು ಸಾಲಾಗಿ ನಿಂತಿದ್ದವು.

ಧೈರ್ಯದ ಮಾತು ಒಂದನ್ನೂ ಆಡಲಿಲ್ಲ. ಬೆಂಚಿನ ಮೇಲೆ ಯಾರೋ ಬಿಟ್ಟುಹೋಗಿದ್ದ ಆಸ್ಪತ್ರೆಯ ಹತ್ತಿಯ ಸುರುಳಿಯಿಂದ ಒಂದು ಚೂರು ಕಿತ್ತರು. ನನ್ನ ಚೀಲದಿಂದ ಒಂದು ಚೂರು. ಎರಡನ್ನೂ ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಎಳೆದು, ಎಳೆಗಳನ್ನು ಪಂಚೆಯ ಮೇಲೆ ಪಕ್ಕಪಕ್ಕ ಮಲಗಿಸಿದರು. ನನ್ನದು ಉದ್ದ, ಆಸ್ಪತ್ರೆಯದು ಗಿಡ್ಡ. ಗಿರಣಿಯಲ್ಲಿ ಹತ್ತಿಯನ್ನು ಬಾಚುವ ಯಂತ್ರವಿರುತ್ತದಂತೆ. ಉದ್ದನೆಯ ಎಳೆ ಮುಂದೆ ನೂಲಾಗುತ್ತದೆ, ಉದುರಿದ ಗಿಡ್ಡ ಎಳೆ ಬೇರೆ ಕಡೆ ಹೋಗುತ್ತದೆ. ಅದನ್ನು ಬೇಯಿಸಿ ಮೇಣ ತೆಗೆದರೆ ನೀರು ಹೀರುತ್ತದೆ, ಗಾಯಕ್ಕೆ ಬರುತ್ತದೆ. "ನಾವು ಕಸ ಎಂದು ಗುಡಿಸಿದ್ದು ಇವತ್ತು ನಿನ್ನ ಗಂಡನ ಕೈಮೇಲೆ ಕುಳಿತಿದೆ ನೋಡು" ಎಂದರು.

ಆಮೇಲೆ ಗೆಜ್ಜೆವಸ್ತ್ರ ಹೇಗೆ ಮಾಡುತ್ತೀ ತೋರಿಸು ಎಂದರು. ತೋರಿಸಿದೆ. ಬೆರಳ ತುದಿ ಒದ್ದೆ ಮಾಡಿಕೊಂಡು ಹತ್ತಿಯನ್ನು ಪಟ್ಟಿಯಂತೆ ಎಳೆದು, ಅಷ್ಟಷ್ಟು ದೂರಕ್ಕೆ ಚಿವುಟಿ ಹೊಸೆಯುತ್ತ ಹೋಗಬೇಕು. ನಡುವೆ ಉಬ್ಬಿ ಉಳಿದದ್ದೇ ಗೆಜ್ಜೆ. ಅಜ್ಜನಿಗೆ ಬರಲೇ ಇಲ್ಲ. ಹತ್ತಿ ಕೈಗೆ ಬಂದರೆ ಸಾಕು, ಬೆರಳು ತಾನಾಗಿ ಹುರಿ ಹಾಕಿ ನೂಲು ಮಾಡಿಬಿಡುತ್ತಿತ್ತು, ಅದೂ ಎಂಥ ಬಿಗಿಯಾದ ನೂಲು! "ಗೆಜ್ಜೆ ಮುಟ್ಟಬಾರದು ಅಜ್ಜಾ, ಅದರ ಪಕ್ಕ ಮಾತ್ರ ಹೊಸೆಯಬೇಕು" ಎಂದು ನಾನು ಗದರುವುದು, ಅವರು ಮತ್ತೆ ನೂಲು ಮಾಡುವುದು. ಗೌರಿಗೆ 16 ಗೆಜ್ಜೆಯದು ಬೇಕು ಎಂದಿದ್ದೆ. ಐದನೆಯ ಗೆಜ್ಜೆಗೆ ಬರುವಷ್ಟರಲ್ಲಿ ಎರಡು ಗಂಟೆ.

ಆಗ ಅವರಿಗೆ ಒಂದು ವಿಷಯ ಹೇಳಿದೆ. ಇವರಿಗೂ ಹೇಳಿರದಿದ್ದುದನ್ನು ಇಲ್ಲಿ ಬರೆಯುತ್ತಿದ್ದೇನೆ, ಓದಿ ತಿಳಿದುಕೊಳ್ಳಲಿ. ಸಹಿ ಹಾಕಿದ ಮೇಲೆ ನನಗೆ ಮೊದಲು ನೆನಪಾದದ್ದು ದೇವರಲ್ಲ, ಇವರ ಮುಖವೂ ಅಲ್ಲ. ಮದುವೆಮನೆಯವರು ಕೊಟ್ಟಿದ್ದ ಮುಂಗಡ 8,000 ರೂಪಾಯಿ. ಅದರಲ್ಲಿ ಬಟ್ಟೆ ತಂದು ಕತ್ತರಿಸಿಯೂ ಆಗಿತ್ತು, ಹಿಂದಿರುಗಿಸುವುದು ಹೇಗೆ ಎಂದು ಲೆಕ್ಕ ಹಾಕುತ್ತಿದ್ದೆ. ಗೋಡೆಯ ಆಚೆ ಕಟ್ಟಿಕೊಂಡ ಮನುಷ್ಯ ಹಾಗೆ ಮಲಗಿದ್ದಾಗ ಲೇಸಿನ ಮೀಟರು ಎಣಿಸಿದವಳು ನಾನು. ಹೇಳುತ್ತ ಹೇಳುತ್ತ ಕೂಗಿಯೇ ಅತ್ತುಬಿಟ್ಟೆ, ನರ್ಸು ಓಡಿ ಬಂದರು.

ಅಜ್ಜ ನರ್ಸು ಹೋಗುವವರೆಗೆ ಸುಮ್ಮನಿದ್ದರು. "ಗಿರಣಿ ಬೀಗ ಹಾಕಿದ ದಿನ ನಾನು ಮನೆಗೆ ಹೋಗಿ ನಮ್ಮವಳನ್ನು ಮೊದಲು ಕೇಳಿದ್ದು, ಅಕ್ಕಿ ಎಷ್ಟಿದೆ ಎಂದು" ಎಂದರು. ಅಷ್ಟೇ ಹೇಳಿ ಇನ್ನೊಂದು ಎಳೆ ತೆಗೆದುಕೊಂಡರು.

ಬೆಳಗಿನ ಜಾವ ಬಾಗಿಲು ತೆರೆದು ಡಾಕ್ಟರು ಹೊರಗೆ ಬಂದಾಗ ಅಜ್ಜನ ಮಡಿಲಲ್ಲಿ ಹದಿನಾರು ಗೆಜ್ಜೆಯೂ ಇದ್ದವು. ಒಂದು ನೆಲ್ಲಿಕಾಯಿಯಷ್ಟು, ಇನ್ನೊಂದು ಸಾಸಿವೆಯಷ್ಟು. ಆಸ್ಪತ್ರೆಯಲ್ಲಿ ಮಾಡಿದ್ದು ಪೂಜೆಗೆ ಬೇಡ ಎಂದು ನಮ್ಮತ್ತೆ ಹೇಳಿದರು, ಅದೂ ಸರಿಯೇ. ಈಗ ಅದು ನನ್ನ ಹೊಲಿಗೆ ಯಂತ್ರದ ಕುತ್ತಿಗೆಗೆ ಕಟ್ಟಿಕೊಂಡಿದೆ.

ಇಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಇವರು ಮನೆಗೆ ಬಂದ ಮೇಲೆ ಅಜ್ಜ ಕಟ್ಟೆಯಿಂದ ನಡುಮನೆಗೆ ಬಡ್ತಿ ಪಡೆದರು. ಅಷ್ಟು ಹೊತ್ತಿಗೆ ಅರವತ್ತು ಚೀಲ ಹೊಲಿದು ಮಡಿಸಿಟ್ಟಿದ್ದೆವು: ಬಿಳಿ ಹತ್ತಿ ಬಟ್ಟೆ, ಮೇಲಂಚಿಗೆ ಗುಳೇದಗುಡ್ಡದ ಖಣದ ಪಟ್ಟಿ, ಎರಡೂ ಕಡೆ ಎಳೆಯುವ ದಾರ. ನೋಡಲು ಲಕ್ಷಣವಾಗಿದ್ದವು. ಅಜ್ಜ ಅಡುಗೆಮನೆಯಿಂದ ಒಂದು ತೆಂಗಿನಕಾಯಿ ತಂದು ಚೀಲದೊಳಗೆ ಹಾಕಿ ನೆಲದ ಮೇಲೆ ನಿಲ್ಲಿಸಿದರು. ಚೀಲ ಉರುಳಿತು. ಇನ್ನೊಂದರಲ್ಲಿ ಹಾಕಿದರು. ಅದೂ ಉರುಳಿತು. "ಎಲೆ ಅಡಕೆಯ ಮೇಲೆ ಕಾಯಿ ಬೀಳುತ್ತದಲ್ಲವ್ವಾ" ಎಂದರು. ಅಕ್ಕ ಅವರನ್ನು ನೋಡಿದ ನೋಟಕ್ಕೆ ಕಾಯಿಯೇ ಒಡೆಯಬೇಕಿತ್ತು. ಅರವತ್ತನ್ನೂ ಬಿಚ್ಚಿದೆವು. ತಳದ ಎರಡೂ ಮೂಲೆಗಳನ್ನು ತ್ರಿಕೋನವಾಗಿ ಮಡಿಸಿ ಎರಡು ಇಂಚು ಅಡ್ಡ ಹೊಲಿಗೆ ಹಾಕಿದಾಗ ತಳ ಅಗಲವಾಗಿ ಚೀಲ ಕುಳಿತುಕೊಂಡಿತು. ಅಂದಿನಿಂದ ಪ್ರತಿ ಚೀಲವೂ ಅಜ್ಜನ ಕಾಯಿಪರೀಕ್ಷೆ ಮುಗಿಸಿಯೇ ಗಂಟು ಸೇರಿತು. ಒಂದೇ ಕಾಯಿ, 450 ಸಲ. ಅದನ್ನು ಮೊನ್ನೆ ಚಟ್ನಿ ಮಾಡಿದೆ.

ದುಡ್ಡು ಕೊಡಲು ಹೋದರೆ ಎರಡು ದಿನ ಕಟ್ಟೆಗೂ ಬರಲಿಲ್ಲ. ಹಾಗಾಗಿ 451ನೆಯ ಚೀಲವನ್ನು ಅವರ ಪತ್ರಿಕೆ ಹಿಡಿಯುವ ಅಳತೆಗೆ ಹೊಲಿದು, ದಾರವನ್ನು ನಾನೇ ಹೊಸೆದು, ನಿನ್ನೆ ಸಂಜೆ ಕೈಗೆ ಕೊಟ್ಟೆ. ಹಿಂದುಮುಂದು ತಿರುಗಿಸಿ ನೋಡಿದರು. ಒಳಗೆ ಕೈ ಹಾಕಿ ತಳದ ಹೊಲಿಗೆ ಮುಟ್ಟಿದರು. ದಾರವನ್ನು ಎರಡು ಸಲ ಎಳೆದರು.

"ಹುರಿ ಸಾಲದು ಅವ್ವಾ" ಎಂದರು. ಕನ್ನಡಕ, ಪತ್ರಿಕೆ ಎರಡನ್ನೂ ಅದರಲ್ಲಿ ಹಾಕಿಕೊಂಡು ಎದ್ದು ಹೋದರು.