ಅಕ್ಕಡಿ ಸಾಲು ಮರೆತ ಕಳೆ ಪ್ರಾತ್ಯಕ್ಷಿಕೆ

ಮಾನ್ಯ ಸಂಪಾದಕರೆ,

ನಮ್ಮ ಊರಿನಲ್ಲಿ ಮಂಗಳವಾರ ನಡೆದ ಕಳೆ ನಿರ್ವಹಣೆ ಪ್ರಾತ್ಯಕ್ಷಿಕೆಯ ವರದಿಯನ್ನು ನಿನ್ನೆಯ ಸಂಚಿಕೆಯಲ್ಲಿ ಓದಿದೆ. ರೈತರು ಉತ್ಸಾಹದಿಂದ ಪಾಲ್ಗೊಂಡಿದ್ದರು ಎಂದು ಬರೆದಿದ್ದೀರಿ. ಚಿತ್ರದಲ್ಲಿ ಕೃಷಿ ಅಧಿಕಾರಿಯ ಹಾರದ ಹಿಂದೆ ಅರ್ಧ ರುಮಾಲು ಕಾಣುತ್ತದಲ್ಲ, ಆ ಉತ್ಸಾಹಿ ರೈತ ನಾನೇ. ಆದ್ದರಿಂದ ವರದಿಯಲ್ಲಿ ಬಾರದೆ ಉಳಿದದ್ದನ್ನು ನಾನೇ ತಿಳಿಸಬೇಕಾಗಿದೆ.

ಒಂಬತ್ತಕ್ಕೆ ಹಾಜರಿರಬೇಕೆಂದು ಹಿಂದಿನ ರಾತ್ರಿ ಫೋನಿಗೆ ಸಂದೇಶ ಬಂದಿತ್ತು. ಎಂಟು ದಿನ ಹಿಡಿದ ಜಿಟಿಜಿಟಿ ಮಳೆ ಹೊಳವಾಗಿ, ಅಂದೇ ಬೆಳೆಯ ಸಾಲುಗಳ ನಡುವೆ ಕುಂಟಿ ಹಾಯಿಸಿ ಎಡೆ ಹೊಡೆಯುವ ಹದ ಬಂದಿತ್ತು. ಕಪ್ಪು ಮಣ್ಣಿನ ಎರಿ ಹೊಲದ ಹದ ಯಾವ ಅಧಿಕಾರಿಗೂ ಕಾಯುವುದಿಲ್ಲ. ಇಂದು ಕುಂಟಿಗೆ ಮೆತ್ತುವ ಮಣ್ಣು ನಾಳಿದ್ದು ಬಿರುಸಾಗುತ್ತದೆ. ಆದರೂ ಬಾಡಿಗೆಗೆ ಹೇಳಿದ್ದ ಎತ್ತುಗಳನ್ನು ಮರಳಿ ಕಳಿಸಿ ಶಾಮಿಯಾನದ ಕೆಳಗೆ ಹೋಗಿ ಕುಳಿತೆ. ಸಾಹೇಬರು ಬಂದದ್ದು ಹನ್ನೆರಡೂವರೆಗೆ. ಸ್ವಾಗತ, ಹಾರ, ಮತ್ತೆ ಸ್ವಾಗತ ಮುಗಿಯುವಷ್ಟರಲ್ಲಿ ಉಪ್ಪಿಟ್ಟೂ ಮುಗಿದಿತ್ತು. ಹೊಲ ನೋಡಿದ್ದು ಹತ್ತು ನಿಮಿಷ, ಅದೂ ಬೂಟಿಗೆ ಎರಿ ಹತ್ತೀತೆಂದು ಬದುವಿನ ಮೇಲೆ ನಿಂತು.

ಸುಸ್ಥಿರ, ವೈವಿಧ್ಯಮಯ ಬೆಳೆ ಪದ್ಧತಿಯೇ ಕಳೆಗೆ ಮದ್ದು ಎಂದು ಕಾಗದ ನೋಡಿ ಓದಿದವರು, ಕಾಗದ ಮಡಚಿದ ಕೂಡಲೇ ಅಟ್ರಜಿನ್ ಎಂಬ ಕಳೆನಾಶಕದ ಬಗ್ಗೆ ಹೇಳತೊಡಗಿದರು. ಬಿತ್ತಿದ ಎರಡು ಮೂರು ದಿನದೊಳಗೆ ಹಸಿ ನೆಲಕ್ಕೆ ಅದನ್ನು ಹೊಡೆಯಬೇಕಂತೆ. ಎದುರಿಗಿದ್ದ ಗೋವಿನಜೋಳ ಮೊಳಕಾಲುದ್ದ ಬೆಳೆದಿತ್ತು! ಅದಕ್ಕೇನು ಮಾಡುವುದೆಂದು ಕೇಳಿದಾಗ ತಲೆಗೊಂದರಂತೆ 2,4-ಡಿ ಎಂಬ ಇನ್ನೊಂದು ಕಳೆನಾಶಕದ ಬಾಟಲಿ ಹಂಚಿದರು. ನನ್ನ ಹೊಲದಲ್ಲಿ ಆರು ಸಾಲು ಗೋವಿನಜೋಳಕ್ಕೆ ಒಂದು ಸಾಲು ಅಕ್ಕಡಿ, ಅಂದರೆ ನಡುವೆ ಹಾಕುವ ಬೇರೆ ಬೆಳೆ ಇದೆ, ಅದರಲ್ಲಿ ತೊಗರಿ ಮತ್ತು ಅಲಸಂದಿ ಇವೆ, ಬದುವಿನಾಚೆ ಅಣ್ಣನ ಹತ್ತಿಯಿದೆ ಎಂದೆ. ‘ತೊಗರಿ ಯಾಕ ಹಾಕಿದ್ರಿ?’ ಎಂದು ಕೇಳಿದರು. ಅರ್ಧ ಗಂಟೆಯ ಹಿಂದೆ ತಾವೇ ಹಾಕಲು ಹೇಳಿದ್ದನ್ನು ನೆನಪಿಸುವಷ್ಟು ಧೈರ್ಯ ನನಗೆ ಬರಲಿಲ್ಲ.

ಅಟ್ರಜಿನ್ ಆಗಲಿ 2,4-ಡಿ ಆಗಲಿ ಗೋವಿನಜೋಳವನ್ನು ಉಳಿಸಿ ತೊಗರಿ, ಅಲಸಂದಿಯನ್ನು ಸುಡುತ್ತವೆ. 2,4-ಡಿ ಗಾಳಿಗೆ ತೇಲಿಹೋದರೂ ಸಾಕು, ಹತ್ತಿಯ ಎಲೆ ಮುರುಟಿ ಬೆರಳಿನಂತೆ ಸೀಳಿಕೊಳ್ಳುತ್ತದೆ, ಕರಿಕೆ ಹುಲ್ಲು ಮಾತ್ರ ಜಪ್ಪಯ್ಯ ಎನ್ನುವುದಿಲ್ಲ. ಗೋವಿನಜೋಳಕ್ಕೂ ಕಾಳಿಗೂ ಹೊಂದುವ ಪೆಂಡಿಮೆಥಾಲಿನ್ ಎಂಬ ಕಳೆನಾಶಕವೊಂದಿದೆ. ಅದನ್ನು ಬಿತ್ತಿದ ಕೂಡಲೇ ಹೊಡೆಯಬೇಕು. ಬಿತ್ತಿಗೆಯ ಹೊತ್ತಿನಲ್ಲಿ ಕೇಳಿದರೆ ‘ಸ್ಟಾಕ್ ಇಲ್ಲ’ ಎಂದವರು ಇವರೇ. ತೊಗರಿ ಬೀಜಕ್ಕೂ ಅದೇ ಉತ್ತರ ಸಿಕ್ಕಿತ್ತು, ಗೋವಿನಜೋಳದ ಚೀಲಗಳು ಮಾತ್ರ ಮಾಳಿಗೆ ಮುಟ್ಟುವಂತೆ ಒಟ್ಟಿದ್ದವು. 2008ರಲ್ಲಿ ಗೊಬ್ಬರ ಕೇಳಿ ಪೊಲೀಸರ ಗುಂಡು ತಿಂದ ಹಾವೇರಿಯ ರೈತರಿಗೆ ‘ಸ್ಟಾಕ್ ಇಲ್ಲ’ ಹೊಸ ಮಾತಲ್ಲ, ಬಿಡಿ.

ನಮ್ಮ ಹಿರಿಯರು ಮುಂಗಾರಿಗೆ ಹೆಸರು ಬಿತ್ತಿ, ಅದು ಬಂದ ಮೇಲೆ ಹೊಲ ಹರಗಿ, ಕಳೆ ಬೀಜ ಕಟ್ಟುವ ಮೊದಲೇ ಮಗುಚಿ, ಹಿಂಗಾರಿಗೆ ಬಿಳಿಜೋಳವನ್ನೋ ಕಡಲೆಯನ್ನೋ ಹಾಕುತ್ತಿದ್ದರು. ಮೆಣಸಿನಕಾಯಿ, ಉಳ್ಳಾಗಡ್ಡಿ, ಹತ್ತಿ ಮೂರೂ ಒಂದೇ ಹೊಲದಲ್ಲಿರುತ್ತಿದ್ದವು. ವರ್ಷವರ್ಷವೂ ಅದೇ ಗೋವಿನಜೋಳ ಹಾಕಿದರೆ ಅದರ ಹೊತ್ತಿಗೆ ಹೊಂದಿಕೊಂಡ ಕಳೆಯೇ ಮರಳಿ ಮರಳಿ ಹುಟ್ಟುತ್ತದೆ. ಇದನ್ನು ತಿಳಿಯಲು ಶಾಮಿಯಾನ ಬೇಕಿಲ್ಲ. ಆದರೆ ಹಿರಿಯರಂತೆ ಹಲವು ಬೆಳೆ ಬೆಳೆದವನ ಹೊಲವನ್ನು ಬೆಳೆ ಸಮೀಕ್ಷೆಗೆ ಬಂದ ಹುಡುಗ ‘ಗೋವಿನಜೋಳ’ ಎಂದಷ್ಟೇ ದಾಖಲಿಸಿ ಹೋಗುತ್ತಾನೆ. ಕಳೆದ ವರ್ಷ ನನ್ನ ತೊಗರಿ ಅವನ ಮೊಬೈಲಿನಲ್ಲಿ ಮೊಳೆಯಲೇ ಇಲ್ಲ. ತಿದ್ದುಪಡಿಗೆ ಮೂರು ಸಲ ಅಲೆದೆ, ಮೂರು ಸಲವೂ ಸರ್ವರ್ ಇರಲಿಲ್ಲ.

ಬುಧವಾರ ಮತ್ತೆ ಮಳೆ ಹಿಡಿದಿದೆ. ಅಕ್ಕಡಿಯ ಎರಡೂ ಬದಿಗೆ ಜೇಕು ಕಳೆ ಗೇಣುದ್ದ ಎದ್ದಿದೆ. ಕಿತ್ತರೆ ಮೇಲಿನ ಎಲೆ ಕೈಗೆ ಬರುತ್ತದೆ, ಗಡ್ಡೆ ಒಳಗೇ ಉಳಿಯುತ್ತದೆ. ಕಳೆ ತೆಗೆಯುವ ಹೆಣ್ಣಾಳುಗಳು ಬರುವ ಸೋಮವಾರದವರೆಗೆ ಬೇರೆಯವರ ಹೊಲಕ್ಕೆ ಒಪ್ಪಿಕೊಂಡಿದ್ದಾರೆ.

ಸಂಬಂಧಪಟ್ಟವರು ಇನ್ನು ಮುಂದೆ ಬಿತ್ತಿಗೆಗೆ ಮೊದಲು ಬರಲಿ, ಬೂಟು ಬಿಚ್ಚಿ ಹೊಲದೊಳಗೆ ಇಳಿಯಲಿ, ಇಲ್ಲವಾದರೆ ಬರಲೇಬಾರದು. ಬಾಟಲಿ ನನ್ನ ದನದ ಕೊಟ್ಟಿಗೆಯ ಗೂಟಕ್ಕೆ ನೇತಾಡುತ್ತಿದೆ, ಕೊಟ್ಟವರು ಬಂದು ಒಯ್ಯಲಿ. ಬರುವಾಗ ಒಂದು ದಿನದ ಎತ್ತಿನ ಬಾಡಿಗೆಯನ್ನೂ ತರಲಿ.

— ಒಬ್ಬ ರೈತ, ಹಾವೇರಿ ಜಿಲ್ಲೆ