ಕೊನೆಗಾಲದ ಆರೈಕೆಗೆ ಹಣ ಕೇಳುವ ಮುನ್ನ

ಮಾನ್ಯರೇ,

‘ಕ್ಯಾನ್ಸರ್ ರೋಗಿಗೆ 15 ಲಕ್ಷ ಬೇಕು, ಶೇರ್ ಮಾಡಿ’ ಎಂಬ ಮನವಿಗಳು ಮೈಸೂರು–ಮಂಡ್ಯದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಲೇ ಇರುತ್ತವೆ. ಕೆಲವರ ವಿಷಯದಲ್ಲಿ ವೈದ್ಯರು ಆಗಲೇ ‘ಇನ್ನು ಮನೆಗೆ ಕರೆದುಕೊಂಡು ಹೋಗಿ’ ಎಂದಿರುತ್ತಾರೆ. ಅಂಥ ಮನೆಗೆ ಬೇಕಿರುವುದು ಲಕ್ಷಗಳ ಗಂಟಲ್ಲ, ತಿಂಗಳು ತಿಂಗಳೂ ತಪ್ಪದೆ ಕೈಸೇರುವ ಸಣ್ಣ ಮೊತ್ತ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಆಸ್ಪತ್ರೆ ಖರ್ಚು ನೋಡಿಕೊಳ್ಳುತ್ತದೆ; ಮನೆಯಲ್ಲಿ ಮಲಗಿದವರ ಡಯಾಪರ್‌ಗೆ ಅದು ಒದಗುವುದಿಲ್ಲ. ಆನ್‌ಲೈನ್ ಹಣ ನಿಜಕ್ಕೂ ಕೆಲಸಕ್ಕೆ ಬರುವುದು ಇಲ್ಲಿ.

ಆದ್ದರಿಂದ ಮನವಿಯಲ್ಲಿ ದೊಡ್ಡ ಅಂಕಿಯ ಬದಲು ಲೆಕ್ಕ ಬರೆಯಿರಿ. ದಿನಕ್ಕೆ ನಾಲ್ಕು ಡಯಾಪರ್ ಎಂದರೆ ತಿಂಗಳಿಗೆ 120. ಜೊತೆಗೆ ಕ್ಯಾತಿಟರ್, ಮೂತ್ರದ ಚೀಲ, ಗಾಜ್ ಬಟ್ಟೆ, ನರ್ಸ್ ಬಂದುಹೋಗುವ ಪೆಟ್ರೋಲ್. ಮೈಸೂರಿನಿಂದ ಎಚ್.ಡಿ. ಕೋಟೆ ಕಡೆಗೆ ಹೋಗಿಬಂದರೆ ಸುಮಾರು ನೂರು ಕಿಲೋಮೀಟರ್. ಗಾಳಿ ಹಾಸಿಗೆ, ಆಕ್ಸಿಜನ್ ಕಾನ್ಸಂಟ್ರೇಟರ್ ಕೊಳ್ಳುವ ಮೊದಲು ಬಾಡಿಗೆಗೆ ಕೇಳಿ. ಎರಡೂ ಕರೆಂಟಿನಿಂದ ನಡೆಯುವಂಥವು. ಪದೇ ಪದೇ ಕರೆಂಟ್ ಹೋಗುವ ಊರಾದರೆ ಒಂದು ಆಕ್ಸಿಜನ್ ಸಿಲಿಂಡರನ್ನೂ ಲೆಕ್ಕಕ್ಕೆ ಸೇರಿಸಿ. ಗಾಳಿ ಹಾಸಿಗೆ ಇದೆಯೆಂದು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನು ಬಿಟ್ಟರೆ ಬೆನ್ನು ಹುಣ್ಣಾಗುತ್ತದೆ, ಖರ್ಚೂ ಏರುತ್ತದೆ.

ನೋವಿನ ಮಾತ್ರೆ ಮಾತ್ರ ಹಣವಿದ್ದರೂ ಅಂಗಡಿಯಲ್ಲಿ ಸುಲಭಕ್ಕೆ ಸಿಗದು. ತೀವ್ರ ನೋವಿಗೆ ಕೊಡುವ ಮಾರ್ಫಿನ್ ದುಬಾರಿಯಲ್ಲ. ಆದರೆ 2014ರಲ್ಲಿ ಮಾದಕ ವಸ್ತು ಕಾಯ್ದೆ ಸಡಿಲಗೊಂಡ ಮೇಲೂ ಅದು ಸಿಗುವುದು ಮುಖ್ಯವಾಗಿ ಮಾನ್ಯತೆ ಪಡೆದ ಆಸ್ಪತ್ರೆ, ನೋವು ಶಮನದ ಆರೈಕೆ ಕೇಂದ್ರಗಳಲ್ಲೇ. ಮೊದಲು ಅಲ್ಲಿ ರೋಗಿಯ ಹೆಸರು ನೋಂದಾಯಿಸಿ, ಆಮೇಲೆ ಮನವಿ ಹಾಕಿ. ಸಾಮಾನ್ಯ ಮಾರ್ಫಿನ್ ಮಾತ್ರೆಯನ್ನು ನಾಲ್ಕು ಗಂಟೆಗೊಮ್ಮೆ ಗಡಿಯಾರ ನೋಡಿ ಕೊಡಬೇಕು, ನೋವು ಬಂದಾಗಷ್ಟೇ ಅಲ್ಲ. ಅದರಿಂದಾಗುವ ಮಲಬದ್ಧತೆಗೆ ಔಷಧ ಜೊತೆಗೇ ಇರಬೇಕು. ಅದಿಲ್ಲದೆ ಹೊಟ್ಟೆ ಕಟ್ಟಿಕೊಂಡು, ಮನೆಯವರು ಮಾರ್ಫಿನ್ನೇ ನಿಲ್ಲಿಸಿಬಿಡುತ್ತಾರೆ; ರೋಗಿ ನರಳುತ್ತಾರೆ.

ಹೆಚ್ಚು ಎಡವುವುದು ಬ್ಯಾಂಕ್ ಖಾತೆಯಲ್ಲಿ. ರೋಗಿಯೊಬ್ಬರದೇ ಹೆಸರಿನ ಖಾತೆಗೆ ಹಣ ತರಿಸಿದರೆ, ಅವರು ತೀರಿಕೊಂಡ ದಿನ ಅದು ಅಲ್ಲೇ ನಿಲ್ಲುತ್ತದೆ. ಆಂಬುಲೆನ್ಸ್‌ಗೆ, ಮಣ್ಣಿಗೆ ಬೇಕಾದ ದುಡ್ಡೂ ಕೈಗೆ ಬಾರದು. ಮರಣ ಪ್ರಮಾಣಪತ್ರ, ನಾಮಿನಿ ಅರ್ಜಿ ಎಂದು ಅಲೆಯಬೇಕು. ಆರೈಕೆ ಮಾಡುವವರ ಜೊತೆ ‘ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು’ ಎಂಬ ಷರತ್ತಿನ ಜಂಟಿ ಖಾತೆ ತೆರೆಯಿರಿ. ಪೂರ್ತಿ ಕೆವೈಸಿ ಇಲ್ಲದ ‘ಸಣ್ಣ ಖಾತೆ’ ಬೇಡ: ಅದಕ್ಕೆ ವರ್ಷಕ್ಕೆ 1 ಲಕ್ಷ ಮೀರಿ ಜಮೆ ಇಲ್ಲ, ತಿಂಗಳಿಗೆ 10 ಸಾವಿರ ಮೀರಿ ತೆಗೆಯುವಂತಿಲ್ಲ. ಬಂಧುಗಳಲ್ಲದವರಿಂದ ವರ್ಷದಲ್ಲಿ ಬಂದ ಹಣ ಒಟ್ಟು 50 ಸಾವಿರ ದಾಟಿದರೆ ಅಷ್ಟನ್ನೂ ಆದಾಯ ತೆರಿಗೆಯವರು ಆದಾಯವೆಂದೇ ಎಣಿಸುತ್ತಾರೆ. ಆದಾಯ ತೆರಿಗೆ ಇಲಾಖೆಯಲ್ಲಿ ನೋಂದಾಯಿತ ಟ್ರಸ್ಟ್ ಮೂಲಕ ಬಂದರೆ ಈ ತೊಡಕಿಲ್ಲ. ಅಮೆರಿಕದ ಪೌರತ್ವ ಪಡೆದ ನಮ್ಮೂರ ಮಕ್ಕಳು ಟ್ರಸ್ಟ್‌ಗೆ ಕೊಡುವುದಾದರೆ ಅದಕ್ಕೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಇರಲೇಬೇಕು.

ನಿಧಿ ಸಂಗ್ರಹ ತಾಣದಲ್ಲಿ ಕೇಳುವವರು ‘ಇದು ಮನೆ ಆರೈಕೆಗೆ’ ಎಂದು ಮೊದಲೇ ಸ್ಪಷ್ಟಪಡಿಸಿ; ಹಣ ನೇರ ಆಸ್ಪತ್ರೆಯ ಖಾತೆಗೆ ಹೋದರೆ ಡಯಾಪರ್ ಬಿಲ್‌ಗೆ ಅದನ್ನು ತಿರುಗಿಸುವುದು ಕಷ್ಟ. ವೈದ್ಯರ ಪತ್ರದಲ್ಲಿ ರೋಗದ ಹೆಸರಿನೊಂದಿಗೆ ‘ನೋವು ಶಮನದ ಆರೈಕೆ’ ಎಂಬ ಮಾತೂ ಇರಲಿ.

ಕೊಡುವವರು ಫಾರ್ವರ್ಡ್ ಆದ ಕ್ಯೂಆರ್ ಕೋಡ್ ನಂಬಬೇಡಿ. ಚಿತ್ರ ಅದೇ ಇದ್ದು ಕೋಡ್ ಬದಲಾಗಿರಬಹುದು. ಪಿನ್ ಒತ್ತುವ ಮೊದಲು ತೆರೆಯ ಮೇಲೆ ಬರುವ ಹೆಸರು ಓದಿ. ‘ಐವತ್ತು ಸಾವಿರ ಕೊಡುತ್ತೇವೆ, ಪಿನ್ ಹಾಕಿ’ ಎಂದು ಮನೆಯವರಿಗೆ ಕರೆ ಬಂದರೆ ಅದು ವಂಚನೆಯೇ. ಹಣ ಪಡೆಯಲು ಪಿನ್ ಬೇಕಿಲ್ಲ.

ಮೂಗಿಗೆ ನಳಿಕೆ ಹಾಕಿ ಮಲಗಿದವರ ಚಿತ್ರವನ್ನು ಅವರನ್ನು ಕೇಳದೆ ಹಾಕಲೇಬೇಡಿ. ಒಮ್ಮೆ ಹರಡಿದ ಚಿತ್ರ ಅವರು ಹೋದ ಮೇಲೂ ಮಕ್ಕಳ ಫೋನಿಗೆ ಮರಳಿ ಬರುತ್ತಿರುತ್ತದೆ. ಊರು, ಕಾಯಿಲೆ, ತಿಂಗಳ ಲೆಕ್ಕ ಇದ್ದರೆ ಸಾಕು. ರೋಗಿ ತೀರಿಕೊಂಡರೆ ಉಳಿದ ಹಣ ಯಾವ ಆರೈಕೆ ಕೇಂದ್ರಕ್ಕೆ ಎಂಬುದನ್ನು ಮೊದಲ ದಿನದ ಮನವಿಯಲ್ಲೇ ಬರೆದಿಡಿ, ತೀರಿಕೊಂಡ ದಿನವೇ ಸಂಗ್ರಹ ನಿಲ್ಲಿಸಿ.

– ಮನೆ ಆರೈಕೆಯ ಶುಶ್ರೂಷಕರು ಮತ್ತು ಸ್ವಯಂಸೇವಕರು, ಮೈಸೂರು